ಕಟಿಂಗ್ ಮೇಜು

ಶ್ರೀರಾಂಪುರದ ಅಂಗಡಿ. ಶಟರು ಅರ್ಧ ಇಳಿದಿದೆ.
ಕಟಿಂಗ್ ಮೇಜಿನ ಮೇಲೆ ಜರೀನಾ
ಸೀಮೆಸುಣ್ಣದಲ್ಲಿ ಗೆರೆ ಎಳೆಯುತ್ತಾಳೆ:
ಗುಂಡಿ ಡಬ್ಬಿ ಇರುವ ಕಡೆ ಯಶವಂತಪುರ,
ಗದಗಿನಲ್ಲಿ ಬೆಳಗಿನ ಕಾಫಿ, ಬಾದಾಮಿ ಎರಡು ರಾತ್ರಿ.
ವಿಜಯಪುರಕ್ಕೆ ಮೇಜು ಮುಗಿಯಿತು;
ಬೀದರಿಗೆ ನನ್ನ ಸೆರಗು ಒಡ್ಡಿದೆ.

"ಲೋವರ್ ಬರ್ತ್ ಸಿಗದಿದ್ರೆ?"
"ನಿನ್ನನ್ನ ಮಡಚಿ ಮೇಲಿಡ್ತೀನಿ,
ಫಾಲು ಹಚ್ಚಿದ ಸೀರೆ ಥರ."

ವೇಟಿಂಗ್ ಲಿಸ್ಟ್ ಹನ್ನೊಂದು, ಹನ್ನೆರಡು.
ಗೋಡೆಯ ಮೊಳೆಯಲ್ಲಿ ಆರು ಮದುವೆ ಬ್ಲೌಸು,
ಇನ್ನೂ ತೋಳು ಕೂರಿಸಿಲ್ಲ,
ನಮ್ಮನ್ನೇ ನೋಡುತ್ತಿವೆ.

ಏಳು ದಿನ ಅಂದರೆ ಎಷ್ಟು ಹೊಲಿಗೆ?
ಇಪ್ಪತ್ತು ವರ್ಷದಲ್ಲಿ ಲೆಕ್ಕ ಹಾಕಿದ್ದೇ ಇಲ್ಲ.

ಬೆಳಿಗ್ಗೆ ಯಾರದೋ ಹಸಿರು ರೇಷ್ಮೆಯ ಬೆನ್ನಿಗೆ
ಬಿಳಿ ಗೆರೆಯೊಂದು ಅಂಟಿತ್ತು,
ಗದಗಿನಿಂದ ಬಾದಾಮಿಯವರೆಗೆ.
ಕೊಡವಬೇಕು.
ಗಿರಾಕಿ ಆರಕ್ಕೆ ಬರ್ತಾಳೆ.