ದಮ್ಮು

ಬನಹಟ್ಟಿಯಾಗ ಆಗ ಆಟಕ್ಕ ಗಡಿಯಾರ ಇರಲಿಲ್ಲ.
ಒಲಿ ಬೂದಿಲೆ ಗೆರಿ ಎಳದು
ದುಂಡಪ್ಪ ಕೊಣ್ಣೂರ ನಡುವ ನಿಂತರ
ಅವನ ಎಡಗಿವಿನ ಕಾಯ್ದೆ.

ಕಾಲ ಕಡೆ ಅಷ್ಟು ನೋಡತಿರಲಿಲ್ಲ ಅಂವ.
ರೇಡಿಗೆ ಹೋದವನ ಬೆನ್ನಿಗೆ ಬಗ್ಗಿ ಅಡ್ಡಾಡತಿದ್ದ.
ಕತ್ತಲದಾಗೂ ಮಗ್ಗದ ಮ್ಯಾಲೆ ಎಳಿ ಹರದದ್ದು
ಬಳ್ಳಿಗೇ ತಿಳಿಯೂ ಮನಶಾ;
ಹುತುತು ಹುತುತು ನಡುವ
ಕೂದಲಷ್ಟು ಗಾಳಿ ಒಳಗ ಹೋದರೂ
ಸೀಟಿ.

ಎಂಬತ್ತಾರರ ಫೈನಲ್ಲು, ತೇರದಾಳದವರ ಜೋಡಿ.
ಮೂರು ಮಂದಿನ್ನ ಮುಟ್ಟಿ ಹೊಳ್ಳಿದ್ದೆ,
ನಡುಗೆರಿ ಒಂದು ಗೇಣು.
ಊದಿದ.
"ದಮ್ಮು ಮುರೀತು."
ನಮ್ಮ ಓಣಿ ಮಂದಿ ಅವನ ಅಂಗಿ ಹರದರು.
ನಾ ಗುಡಿ ಮುಂದ ಕರ್ಪೂರ ಹಚ್ಚಿ
ಮುರದಿಲ್ಲಂತ ಆಣಿ ಮಾಡಿದೆ.

ಆಮ್ಯಾಲೆ ಕಾಯ್ದೆ ಬದಲಾಗಕೋತ ಬಂದವು.
ಬೂದಿ ಹೋಗಿ ಸುಣ್ಣ, ಸುಣ್ಣ ಹೋಗಿ ಟೇಪು.
ಬೋನಸ್ ಗೆರಿ. ಮಣ್ಣಿನ ಮ್ಯಾಲೆ ಮ್ಯಾಟು:
ಮೊಣಕಾಲು ತರಚೂದು ಬಿಟ್ಟು ಸುಡಾಕ ಹತ್ತಿದವು.
ಎದಿ ಎಷ್ಟ ದೊಡ್ಡದಿರಲಿ
ರೇಡಿಗೆ ಮೂವತ್ತೇ ಸೆಕೆಂಡು.
ಟಿವ್ಯಾಗ ಹೆಬ್ಬೆರಳು ಕುಂಬಳಕಾಯಿಯಷ್ಟು ಹಿಗ್ಗಿಸಿ
ಗೆರಿ ತಾಗೇತೋ ಇಲ್ಲೋ ಅಂತ
ನಾಕು ಮಂದಿ ಕುಂತು ನೋಡತಾರ.
ಉಸಿರು ಹಿಗ್ಗಿಸಿ ತೋರಸೂ ಪರದೆ
ನಾ ಇನ್ನೂ ಕಂಡಿಲ್ಲ.

ಈಗ ನಾನೂ ಪಂಚ, ಜಿಲ್ಲಾ ಮಟ್ಟದ್ದು, ಬಿಳಿ ಬೂಟು.
ಸ್ಪೀಕರಿನ ಹಾಡಿನಾಗ ಹುಡುಗರ ತುಟಿ ಅಲಗತಾವ.
ಅನ್ನತಾರೋ, ಬರೇ ಬಾಯಿ ಆಡಸತಾರೋ.
ನಾ ಗಡಿಯಾರ ನೋಡತೀನಿ.

ದುಂಡಪ್ಪನ ಕಿವಿ ಹೋಗ್ಯಾವ.
ಕುಣಿಮಗ್ಗ ಮುಚ್ಚಿ ಪಾವರಲೂಮ್ ಹಾಕಿದ್ದ ಅವರ ಮಗ;
ಇಪ್ಪತ್ತೆರಡು ವರ್ಷ ಅದರ ಮಗ್ಗಲಕ ಕುಂತು
ಕಂಡಿಕಿ ಸುತ್ಯಾನ.

ಮೊನ್ನೆ ಹೋಗಿ ಒದರಿ ಹೇಳಿದೆ,
"ಕಾಕಾ, ಅವತ್ತು ಮುರದಿತ್ತು."
"ಏನಂದಿ?"
ಅಷ್ಟರಾಗ ಕರೆಂಟ್ ಬಂದು
ಆರೂ ಮಗ್ಗ ಒಮ್ಮೆಲೇ ಹೊಡಕೊಂಡವು.

ಅವನ ಅಂಗೈ ತಗೊಂಡು
ನನ್ನ ಗಂಟಲಿಗೆ ಒತ್ತಿ ಹಿಡಕೊಂಡೆ.
ಕಣ್ಣು ಮುಚ್ಚಿ ಸುರು ಮಾಡಿದೆ ಹುತುತು,
ಈ ಅರವತ್ತರ, ಅರಳಿ ಧೂಳು ಕುಡದ ಎದಿಲೆ.
ಒಂಬತ್ತೋ ಹತ್ತೋ ಆಗಿರಬೇಕು, ಯಾರರ ಎಣಿಸಿದ್ದರ.
ಕೈ ಹಿಂದ ತಗೊಂಡ.

"ಇಲ್ಲೇ," ಅಂದ. "ಅವತ್ತೂ
ಇಷ್ಟಕ್ಕ."
ಅಂದು, ಬುಟ್ಟಿಯಾಗ ಖಾಲಿ ಕಂಡಿಕಿ ಹುಡುಕಾಕ ಹತ್ತಿದ.