ಬಿಚ್ಚಿದ ಗಂಟು

ಗುಳೇದಗುಡ್ಡದ ನಮ್ಮ ಮೂರನೇ ಇಯತ್ತೆಯ ಗೋಡೆಗೆ
ಇಪ್ಪತ್ಮೂರು ಮೊಳೆ, ಮೊಳೆಗೊಂದು ದಾರ.
ಖಣ ನೇಯ್ದು ಉಳಿದ ತುಂಡು ರೇಷ್ಮೆ.
ಯಾರಿಗೆ ಯಾವ ಬಣ್ಣ ಎಂಬುದನ್ನು
ಹುಡುಗರೇ ಜಗಳಾಡಿ ತೀರ್ಮಾನಿಸಿದ್ದು.

ಬಂದರೆ ಗಂಟು ಹಾಕು. ನೀನೇ ಹಾಕು.
ನಾನು ಮುಟ್ಟುವುದಿಲ್ಲ.
ಮುಂದಿನ ಗಂಟು ಯಾವುದಕ್ಕೆಂದು
ಸೋಮವಾರ ಚೀಟಿ ಬರೆದು ಮೊಳೆಗೆ ಚುಚ್ಚು.

"ಏಳರ ಮಗ್ಗಿ, ಅಡ್ಡಾದಿಡ್ಡಿ ಕೇಳಿದ್ರೂ."
"ಓದೂವಾಗ ಬೆರಳ ಇಡೂದಿಲ್ಲ."
"ರಾಷ್ಟ್ರ ಬರಿಯೂದು. ಷ್ಟ್ರ ಅಷ್ಟ."
ಮುರ್ತುಜಾ ಬರೆದ: "ಎಲ್ಲಾ ಕಲೀತೀನಿ."
ಎಲ್ಲಾದಕ್ಕ ಎಷ್ಟ ಗಂಟ ಹಾಕ್ತೀಪಾ, ಎಂದೆ.
ದಾರ ಹಿಡಿದು ಅಳೆದ. ಮೊಣಕೈತನಕ ಬಂತು.
ಬಿಸಿಯೂಟ ಮುಗಿಸಿ, ಅಂಗಿಗೆ ಕೈ ಒರೆಸಿ, ತಿದ್ದಿದ:
"ಕಳಿಯೂ ಲೆಕ್ಕ.
ಬಾಜೂದವನ ಕಡೆ ಹತ್ತು ಇಸಕೊಳ್ಳೂದು."

ಈ ಊರಲ್ಲಿ ಮಗ್ಗಕ್ಕೂ ಮಗ್ಗಿಗೂ ನಡುವೆ
ಒಂದೇ ಒಂದು ಗುಡಿಸು.
ಕಿಟಕಿಯಾಚೆ ಲಟಕ್ ಪಟಕ್, ಒಳಗೆ ಏಳೊಂದ್ಲೆ ಏಳು,
ಕೆಲವೊಮ್ಮೆ ಎರಡರ ತಾಳವೂ ಕೂಡುತ್ತದೆ,
ಆಗ ಯಾರಾದರೊಬ್ಬರು ನಗುತ್ತಾರೆ.

ಗುರುವಾರ, ಪ್ರಾರ್ಥನೆಯ ಗಂಟೆಗೂ ಮೊದಲು,
ಶಾಕಾಂಬರಿ ಗೋಡೆಗೆ ಮುಖ ಹಚ್ಚಿ ನಿಂತಿದ್ದಳು,
ಬಾಯಲ್ಲಿ ದಾರ.
"ಏನ್ ಮಾಡಾಕತ್ತೀ?"
"ಗಂಟ ಬಿಚ್ಚಾಕತ್ತೇನ್ರೀ ಅಕ್ಕೋರ.
ಏಳೆಂಟ್ಲೆ ಮರತೈತಿ.
ರಾತ್ರಿ ಕಂಡಿಕಿ ಸುತ್ತೂವಾಗ ಅವ್ವ ಕೇಳಿದ್ಲು,
ಐವತ್ನಾಕು ಅಂದೆ."
ಅಳುತ್ತಿರಲಿಲ್ಲ.
ಎಳೆ ತಪ್ಪಿದ ಕಡೆಗೆ
ಹಿಂದಕ್ಕೆ ಹೋಗುವವರ ಮುಖ ಅದು,
ಇಲ್ಲಿ ಮನೆಮನೆಯಲ್ಲೂ ನೋಡಿದ್ದೇನೆ.

ನಾನು ಕಪಾಟಿನ ಕಡೆ ನೋಡಿದೆ.
ಹದಿನಾಲ್ಕು ವರ್ಷ ತುಂಬಿ ಕಳಿಸಿದ ತಖ್ತೆಗಳ ನಕಲು,
ಕೆಂಪು ಶಾಯಿ, ದುಂಡು ಸಹಿ.
ಹಿಂದಕ್ಕೆ ಹೋದ ಅಂಕಿ
ಅದರಲ್ಲಿ ಒಂದೂ ಇಲ್ಲ.

ಅಂದೇ ಇನ್ನೊಂದು ಮೊಳೆ ಹೊಡೆದೆ.
ಹೆಬ್ಬೆರಳಿಗೂ ಒಂದು ಏಟು ಬಿತ್ತು.
ಚೀಟಿಯಲ್ಲಿ ಬರೆದೆ:
"ಪ್ರಶ್ನೆ ಕೇಳಿದ ಮೇಲೆ ಹತ್ತು ಎಣಿಸುವತನಕ
ಉತ್ತರ ನಾನೇ ಹೇಳಿಬಿಡುವುದಿಲ್ಲ."
ಎಣಿಸುವ ಕೆಲಸ ಹುಡುಗರದ್ದು.
ಶುಕ್ರವಾರ ಒಂದು ಗಂಟು ಬಿತ್ತು,
ಚಪ್ಪಾಳೆ ಹೊಡೆದರು, ನನಗೆ ನಾಚಿಕೆಯಾಯಿತು.

ಶನಿವಾರ ಬೆಳಗಿನ ಶಾಲೆ.
ಹಿಂದಿನ ಸಾಲಿನಿಂದ ಮುರ್ತುಜಾ ಎದ್ದ:
"ನಾಕಕ್ಕ ಹೇಳಿಬಿಟ್ರಿ, ಅಕ್ಕೋರ."
ಹೌದು, ನಾಲ್ಕಕ್ಕೇ.

ಗೋಡೆಯ ಹತ್ತಿರ ಹೋದೆ.
ಗಂಟು ಬಿಗಿಯಾಗಿತ್ತು, ಉಗುರಿಗೆ ಸಿಗಲಿಲ್ಲ.
ಇಪ್ಪತ್ಮೂರು ಮಂದಿ ಸುಮ್ಮನೆ ನೋಡುತ್ತಿದ್ದರು.
"ಹಲ್ಲೀಲೆ ಹಿಡೀರಿ," ಎಂದಳು ಶಾಕಾಂಬರಿ,
"ಸ್ವಲ್ಪ ಎಂಜಲ ಹಚ್ಚರಿ,
ಬರತೈತಿ."