ಏಳನೇ ಹಲಗೆ

ಅಮಾವಾಸ್ಯೆಗೆ ಇನ್ನೆರಡು ದಿನ.
ಊಟದ ಹೊತ್ತಿಗೇ ಅಘನಾಶಿನಿಯ ನೀರು
ಕಟ್ಟಿನ ಭುಜದವರೆಗೆ ಬಂದು ಮೂಸುತ್ತಿದೆ,
ಪಕ್ಕದ ಮನೆಯ ಹಸುವಿನ ಹಾಗೆ.

ಬ್ಯಾಟರಿ ಬಾಯಲ್ಲಿ ಕಚ್ಚಿ ಹೊರಡುತ್ತೇನೆ, ಎರಡು ಕೈಯೂ ಬೇಕು.
ಕಟ್ಟಿನ ಮೇಲೆ ಕಣ್ಣಿಗಿಂತ ಹಿಮ್ಮಡಿ ಚುರುಕು:
ಎಲ್ಲಿ ಮಣ್ಣು ಮೆತ್ತಗೆ, ಎಲ್ಲಿ ತಣ್ಣಗೆ,
ಎಲ್ಲಿ ಒಳಗೊಳಗೇ ಗುಳುಗುಳು.
ಏಡಿ ಕೊರೆದದ್ದು ಹೆಬ್ಬೆರಳಿನಷ್ಟು ತೂತು,
ಬೆಳಗಾದರೆ ಎಮ್ಮೆ ನುಗ್ಗುವಷ್ಟು.
ಹುಲ್ಲು ಸುತ್ತಿ, ಜೇಡಿ ಮೆತ್ತಿ, ಮೊಣಕೈವರೆಗೆ ತುರುಕುತ್ತೇನೆ.
ಏಡಿ ಸಿಕ್ಕರೆ ನಾಳೆಯ ಸಾರು.
ಸಿಗದಿದ್ದರೆ
ಕಾಂಡ್ಲದ ಬುಡ ಅಷ್ಟಿರುವಾಗ ಇಲ್ಲೇ ಯಾಕೆ ಮನೆ ಮಾಡಿದೆ
ಅಂತ ಎರಡು ಬೈಗುಳ.

ಒಳಗೆ ಕಗ್ಗದ ಸಸಿ ಗೇಣುದ್ದ.
ಉಪ್ಪು ತಾಳುವ ಭತ್ತ ಅನ್ನುತ್ತಾರೆ, ತಾಳುತ್ತದೆ.
ಆದರೆ ಮೊದಲ ಹದಿನೈದು ದಿನ ಅದೂ ಮಗುವೇ.

ಹೋದ ವಾರ ಆಫೀಸಿನವರು ಬಂದು ಟೇಪು ಎಳೆದರು.
‘ಒಡೆದದ್ದು ಎಷ್ಟು ಮೀಟರು?’
ಮೂರು ಆಳು ಉದ್ದಕ್ಕೆ ಮಲಗುವಷ್ಟು, ಅಂದೆ.
ಬರೆದುಕೊಳ್ಳಲಿಲ್ಲ.
ಆ ರಾತ್ರಿ ನಿಜವಾಗಿ ಮಲಗಿದ್ದೆವು,
ದೋಣಿಯಲ್ಲಿ ಮಣ್ಣು ಬರುವ ತನಕ, ಹೊಳೆಗೆ ಬೆನ್ನು ಕೊಟ್ಟು,
ಮಾವ ಹಮ್ಮು ಗೌಡ, ಅಂಬಿಗರ ಗಣಪು, ನಾನು.
ಮಾವನ ಕೆಮ್ಮು ಇನ್ನೂ ಬಿಟ್ಟಿಲ್ಲ.

ಕಲ್ಲು ಕಟ್ಟುತ್ತಾರಂತೆ, ಸಿಮೆಂಟು, ಕಬ್ಬಿಣದ ಬಾಗಿಲು.
ಕಟ್ಟಲಿ, ಒಳ್ಳೆಯದೇ, ನನ್ನ ಸೊಂಟಕ್ಕೂ ವಯಸ್ಸಾಯಿತು.
ಆದರೆ ಕಬ್ಬಿಣದ ಬಾಗಿಲಿಗೆ ಕೀಲಿ ಇರುತ್ತದೆ,
ಕೀಲಿ ಕುಮಟೆಯಲ್ಲಿರುತ್ತದೆ,
ಇಳಿತ ಬೆಳಗಿನ ಜಾವ ಇಲ್ಲಿಗೆ ಬರುತ್ತದೆ.

ಈಗಿನ ಜಂತ್ರಡಿಗೆ ಒಂಬತ್ತು ಹಲಗೆ.
ಎಂಟನ್ನು ಮಾವ ಹೊನ್ನೆ ಮರದಿಂದ ಕೊಯ್ಸಿದ.
ಏಳನೆಯದು ಗಣಪುವಿನ ಅಪ್ಪನ ಮುರಿದ ದೋಣಿಯದು,
ಮೊಳೆಯ ತೂತಿನಲ್ಲಿ ಇನ್ನೂ ಗೇರೆಣ್ಣೆಯ ಕಪ್ಪು.
ಅಲ್ಲಿದ್ದಾಗಲೂ ನೀರನ್ನು ಹೊರಗಿಡುವುದೇ ಅದರ ಕೆಲಸ,
ಈಗಲೂ ಅದೇ.
ತಿರುಗಾಟ ಮಾತ್ರ ನಿಂತಿದೆ.

ಕೋಳಿ ಕೂಗುವ ಮೊದಲು ಹೊಳೆ ಹಿಂದೆ ಸರಿಯುತ್ತದೆ.
ಗದ್ದೆಯಲ್ಲಿ ನಿಂತ ಮಳೆನೀರಿಗೆ ದಾರಿ ಬಿಡಬೇಕು.
ಒಂಬತ್ತು. ಎಂಟು. ಕಟ್ಟಿನ ಮೇಲೆ ಸಾಲಾಗಿ ಇಡುತ್ತೇನೆ.
ಏಳನೆಯದು ಗಾಡಿಯಿಂದ ಬಿಟ್ಟ ಕೂಡಲೇ
ಕೈಯಲ್ಲಿ ಒಂದು ಚಣ ತೇಲುತ್ತದೆ,
ಮೂತಿ ಕಡಲಿನ ಕಡೆಗೆ.
ಅದನ್ನು ಮಾತ್ರ ಎರಡೂ ಕೈಯಲ್ಲಿ ಹಿಡಿಯುತ್ತೇನೆ.